ಪದಚರ್ಚೆ: ಧರೆ, ಬರೆ, ಇಳಿಜಾರು – ಘಾಟಿ ‘ದುರಸ್ತಿ’ಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಆಗುಂಬೆ ಘಾಟಿಯಲ್ಲಿ ರಸ್ತೆ ಬದಿ ಕುಸಿಯುವ ಜಾಗಗಳನ್ನು ಸರಿಪಡಿಸುವಾಗ ಸುತ್ತಲಿನ ಕಾಡಿಗೆ ಏನಾಗುತ್ತದೆ? ಇದರ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಓದುವವರು ಘಾಟಿಯ ಮೇಲೂ ಕೆಳಗೂ ಇರುವ ಊರಿನವರು, ಎಂಜಿನಿಯರುಗಳಲ್ಲ. ಕೆಲವು ಪದಗಳ ಹತ್ತಿರ ಕೈ ನಿಂತಿದೆ. ನಿಮ್ಮ ಸಲಹೆ ಬೇಕು.

ಮೊದಲು ‘ಸ್ಲೋಪ್’. ‘ಇಳಿಜಾರು’ ಎಂದು ಬರೆಯಬಹುದು. ಆದರೆ ಘಾಟಿಯಲ್ಲಿ ರಸ್ತೆಯೇ ಇಳಿಜಾರು, ಅಲ್ವಾ? ‘ಇಳಿಜಾರು ದುರಸ್ತಿ’ ಎಂದು ಓದಿದವರು ಇಳುಕಲಿಗೆ ಡಾಂಬರು ಹಾಕುತ್ತಾರೆ ಎಂದುಕೊಂಡಾರು. ಮಲೆನಾಡು, ಕರಾವಳಿಯಲ್ಲಿ ಇದಕ್ಕೆ ‘ಧರೆ’ ಎನ್ನುತ್ತಾರೆ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿತ್ತಲಲ್ಲಿ ನಿಲ್ಲುವ ಮಣ್ಣಿನ ಬದಿಯೂ ಧರೆ, ರಸ್ತೆಗಾಗಿ ಕಡಿದಾಗ ನಿಲ್ಲುವುದೂ ಧರೆ. ಕೊಡಗಿನ ಕಡೆ ‘ಬರೆ’ ಎಂಬ ಮಾತಿದೆ, ‘ಬರೆ ಕುಸಿತ’ ಎಂದೇ ಸುದ್ದಿ ಬರುತ್ತದೆ. ಬಯಲುಸೀಮೆಯವರಿಗೆ ಬರೆ ಎಂದರೆ ಕಾಸಿ ಎಳೆಯುವ ಬರೆ, ಧರೆ ಎಂದರೆ ಇಡೀ ಭೂಮಿ. ಆ ತೊಡಕು ಇದ್ದದ್ದೇ.

ಆದರೂ ನನ್ನ ಒಲವು ಧರೆಯ ಕಡೆಗೆ. ಆ ಮಾತಿನಲ್ಲಿ ಅಳತೆ ಅಡಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಂದದ್ದು ‘ಗುಡ್ಡ ಕುಸಿತ’. ಆಗುಂಬೆಯ ತಿರುವಿನಲ್ಲಿ ಒಂದು ರಾತ್ರಿಯ ಮಳೆಗೆ ಎರಡು ಲೋಡು ಮಣ್ಣು ಬಿದ್ದರೆ ಅದು ‘ಧರೆ ಕುಸಿತ’. ‘ಭೂಕುಸಿತ’ ಎಂದುಬಿಟ್ಟರೆ ಎರಡೂ ಒಂದೇ ಆಗಿಬಿಡುತ್ತವೆ, ಎರಡಕ್ಕೂ ಒಂದೇ ಮದ್ದು ಎಂದಾಗುತ್ತದೆ.

ನನಗೆ ಜಾಸ್ತಿ ಕಾಡುತ್ತಿರುವುದು ‘ದುರಸ್ತಿ’. ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು ದುರಸ್ತಿ. ಧರೆಯಲ್ಲಿ ಹಾಗಾಗುವುದು ಕಡಿಮೆ. ಬಿದ್ದ ಮಣ್ಣು ತೆಗೆಯುತ್ತಾರೆ. ನೆಟ್ಟಗೆ ನಿಂತ ಬದಿಯನ್ನು ಓರೆ ಮಾಡಬೇಕಾದರೆ ಮೇಲಂಚಿನ ಮರಗಳೂ ಹೋಗುತ್ತವೆ. ಬುಡದಲ್ಲಿ ಕಾಂಕ್ರೀಟ್ ತಡೆಗೋಡೆ ಏಳುತ್ತದೆ, ಇಲ್ಲವೇ ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್ ಬರುತ್ತದೆ. ತೆಗೆದ ಮಣ್ಣನ್ನು ಕಣಿವೆಗೆ ತಳ್ಳಿದರೆ ಕೆಳಗಿನ ಗಿಡಮರಗಳ ಬುಡ ಮುಚ್ಚುತ್ತದೆ, ಮಳೆಗೆ ಹಳ್ಳ ಕೆಂಪಾಗುತ್ತದೆ.

ಇದು ಬರೀ ಪದದ ಜಗಳ ಅಲ್ಲ. 2006ರ ಪರಿಸರ ಅಧಿಸೂಚನೆ ಹೊಸ ಹೆದ್ದಾರಿ, ದೊಡ್ಡ ಅಗಲೀಕರಣಗಳಿಗೆ ಪರಿಸರಕ್ಕೆ ಏನಾಗುತ್ತದೆ ಎಂಬ ಅಧ್ಯಯನ ಕೇಳುತ್ತದೆ, ಮಾಮೂಲಿ ದುರಸ್ತಿಗೆ ಕೇಳುವುದಿಲ್ಲ. ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯದೊಳಗೆ ಹಾದುಹೋಗುವುದರಿಂದ 1972ರ ವನ್ಯಜೀವಿ ಕಾಯ್ದೆಯ ಕಾವಲು ಇದೆ, ನಿಜ. 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಸೋಮೇಶ್ವರವೂ ಒಂದು. ಆದರೂ ‘ದುರಸ್ತಿ’ ಎಂದು ಬರೆದ ಕೂಡಲೇ ಓದುವವನ ಮನಸ್ಸು ತಣ್ಣಗಾಗಿಬಿಡುತ್ತದೆ. ಅದಕ್ಕೆ ಕೆಲಸವನ್ನೇ ಹೇಳೋಣ ಎಂದುಕೊಂಡಿದ್ದೇನೆ: ಧರೆ ಕಡಿಯುವುದು, ಧರೆ ಕಟ್ಟುವುದು, ಧರೆಗೆ ಹುಲ್ಲು ಹಿಡಿಸುವುದು. ಲಾವಂಚ ನೆಡುವುದಕ್ಕೂ ಸಿಮೆಂಟ್ ಬಳಿಯುವುದಕ್ಕೂ ಒಂದೇ ಹೆಸರು ಯಾಕೆ?

ಇನ್ನು ನೀರು. ಧರೆ ಬೀಳುವುದು ಬಹುಪಾಲು ಒಳಗಿನ ನೀರಿನಿಂದ. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗೋಡೆ ಕಟ್ಟಿ ಆ ನೀರಿಗೆ ದಾರಿ ಬಿಡದಿದ್ದರೆ ಗೋಡೆಯೇ ಉಬ್ಬಿ ಬೀಳುತ್ತದೆ. ಅದಕ್ಕಾಗಿ ಬಿಡುವ ತೂತಿಗೆ ‘ವೀಪ್ ಹೋಲ್’ ಎಂದೇ ಎಲ್ಲರೂ ಹೇಳುವುದು. ‘ಬಸಿಗಿಂಡಿ’ ಎನ್ನಬಹುದೇ? ತೋಟದವರಿಗೆ ಬಸಿಗಾಲುವೆ ಗೊತ್ತು, ಬೇಗ ಹಿಡಿದಾರು. ಹೊಸದಾಗಿ ಹೊಸೆದ ಪದ ಎಂದು ಮೂಗು ಮುರಿಯುವವರಿದ್ದರೆ ‘ನೀರು ಬಸಿಯುವ ತೂತು’ ಎಂದೇ ಬಿಡುತ್ತೇನೆ.

ಬಂಡೆಯಿಂದ ಮಳೆಗಾಲವಿಡೀ ಒಸರುವ ನೀರಿಗೆ, ಆ ಜಾಗಕ್ಕೆ, ಒಂದು ಒಳ್ಳೆಯ ಹೆಸರು ಬೇಕು. ಪಶ್ಚಿಮ ಘಟ್ಟದ ಇಂಡಿರಾನ ಕುಲದ ಕಪ್ಪೆಗಳ ಗೊದಮೊಟ್ಟೆಗಳು ಕೆರೆಯಲ್ಲಿ ಈಜಿಕೊಂಡಿರುವುದಿಲ್ಲ, ಇಂಥ ಒದ್ದೆ ಬಂಡೆಗೆ ಅಂಟಿಕೊಂಡೇ ಬೆಳೆಯುತ್ತವೆ. ಘಾಟಿಯ ಕರ್ಣಕುಂಡಲದ ಹೂಗಳಿಗೂ ಇದೇ ತಾವು. ಬಂಡೆಯ ಮೇಲೆ ಕಾಂಕ್ರೀಟ್ ಚಿಮ್ಮಿಸಿ ಮುಚ್ಚಿದರೆ, ಒಂದು ಮರವನ್ನೂ ಕಡಿಯದೆ ಆ ಜೀವಗಳ ಮನೆ ಹೋಗುತ್ತದೆ. ಮರ ಎಣಿಸುವ ಪಟ್ಟಿಯಲ್ಲಿ ಇದು ಕಾಣಿಸುವುದೇ ಇಲ್ಲ! ‘ಒಸರುಬಂಡೆ’ ಎಂದು ಬರೆದಿದ್ದೇನೆ. ಊರಲ್ಲಿ ಇದಕ್ಕಿಂತ ಹಳೆಯ ಮಾತು ಇದ್ದೇ ಇರಬೇಕು.

ಊರ ಮಾತು ಶಾಸ್ತ್ರಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಕರಾವಳಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಸಿಗುವ, ನೀರು ತಾಗಿದರೆ ಬಲ ಕಳೆದುಕೊಳ್ಳುವ ಮಣ್ಣಿಗೆ ‘ಶೇಡಿ’ ಎನ್ನುತ್ತಾರಲ್ಲ, ಎಂಜಿನಿಯರುಗಳು ಇಂಗ್ಲಿಷ್ ಲೇಖನಗಳಲ್ಲೂ ಅದೇ ಹೆಸರು ಬಳಸುತ್ತಾರೆ. ಶೇಡಿಗೆ ಸಿಕ್ಕ ಜಾಗ ಧರೆಗೂ ಸಿಗಲಿ.

ಕಡೆಯದಾಗಿ ‘ಪರಿಸರ ಪರಿಣಾಮ ಮೌಲ್ಯಮಾಪನ’. ಮೌಲ್ಯಮಾಪನ ಎಂದರೆ ನಮ್ಮ ಕಡೆ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ನೆನಪಾಗುತ್ತದೆ. ‘ಅಂದಾಜು’ ಎಂದರೆ ಕಾಮಗಾರಿಯ ಖರ್ಚಿನ ಪಟ್ಟಿ. ಸದ್ಯಕ್ಕೆ ತಲೆಬರಹದಲ್ಲಿ ‘ಪರಿಣಾಮ ಪರಿಶೀಲನೆ’ ಎಂದು ಹಾಕಿ, ಒಳಗೆ ಸುಮ್ನೆ ‘ಇದರಿಂದ ಏನೇನಾಗುತ್ತದೆ’ ಎಂದು ಬರೆದಿದ್ದೇನೆ.

ನನಗೆ ಬೇಕಾಗಿರುವುದು ಇಷ್ಟು. ‘ಧರೆ’ಯೋ ‘ದರೆ’ಯೋ? ಎರಡೂ ಬರಹ ನೋಡಿದ್ದೇನೆ. ಭೂಮಿ ಎಂಬ ಅರ್ಥದ ಧರೆಯೇ ಇದೋ, ಬೇರೆ ಬೇರಿನದೋ? ಶಿರಸಿ, ಸಿದ್ದಾಪುರದ ಕಡೆಯವರು ಒಸರುವ ಬಂಡೆಗೆ ಏನೆನ್ನುತ್ತೀರಿ? ಸುಳ್ಯ, ಸಂಪಾಜೆಯವರು ಬರೆ ಎನ್ನುವುದು ಕಡಿದ ಬದಿಗೆ ಮಾತ್ರವೋ, ತಾನಾಗಿ ಇರುವ ಗುಡ್ಡದ ಬದಿಗೂ ಹೇಳುತ್ತೀರೋ?