‘ಆಯ್ತು’ ಅಂದ್ರೆ ಏನಾಯ್ತು?

“ಬಾದಾಮಿ ಬಂಡೆ ಹತ್ತೋಕೆ ಎಲ್ಲಾ ತಗೊಂಡಾಯ್ತು” ಅಂತ ಸೀನ ಹೋಟೆಲ್ ಟೇಬಲ್ ಮೇಲೆ ಚೀಲ ಸುರಿದ. ಬಂಡೇಲಿರೋ ಬೋಲ್ಟಿಗೆ ಹಗ್ಗ ಸಿಕ್ಕಿಸೋ ಕ್ವಿಕ್‌ಡ್ರಾ 12, 60 ಮೀಟರ್ ಹಗ್ಗ, ಬೆರಳು ಕಚ್ಚೋ ಶೂ, ಕೈಗೆ ಹಚ್ಚೋ ಚಾಕ್ ಪುಡಿ ಚೀಲ. ಕಾಫಿ ಲೋಟ ಇಡೋಕೆ ಜಾಗ ಇಲ್ಲ.

“ಹೆಲ್ಮೆಟ್?” ಮೂರ್ತಿ ಕೇಳಿದ.

“ಫೋಟೋದಲ್ಲಿ ಮುಖ ಕಾಣಲ್ಲ ಕಣೋ.”

“ಮೇಲೆ ಒಂದು ಕೋತಿ ಓಡಾಡಿ ಕಲ್ಲು ಉರುಳಿದ್ರೆ, ಹಾರ ಹಾಕಿದ ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ.”

“ಆರು ತಿಂಗಳು ಜಿಮ್ ಗೋಡೆ ಹತ್ತಿದ್ದೀನಯ್ಯಾ!”

“ಗೋಡೇಲಿ ಹಿಡಿಕೆಗೆ ಬಣ್ಣ ಇರತ್ತೆ. ಬಂಡೇಲಿ ನೀನೇ ಹುಡುಕ್ಕೋಬೇಕು. ಹೋಗ್ಲಿ, ಮೇಲೆ ಮುಟ್ಟಿ ಏನು ಮಾಡ್ತೀಯ?”

“‘ಆಯ್ತು’ ಅಂತ ಕೂಗ್ತೀನಿ.”

“ಅಲ್ಲೇ ಇರೋದು ಗ್ರಹಚಾರ. ನೀನು ‘ಹತ್ತಿದ್ದಾಯ್ತು, ಇಳಿಸು’ ಅಂತಿರ್ತೀಯ. ಕೆಳಗೆ ನಿನ್ನ ಹಗ್ಗ ಹಿಡಿಯೋ ಗೋಪಿ ‘ಓ, ನನ್ನ ಕೆಲಸ ಆಯ್ತು, ರ‍್ಯಾಪೆಲ್ ಮಾಡ್ಕೊಂಡು, ಅಂದ್ರೆ ಹಗ್ಗದಲ್ಲಿ ತಾನೇ ಇಳ್ಕೊಂಡು, ಅವನೇ ಬರ್ತಾನೆ’ ಅಂತ ಹಗ್ಗ ಬಿಚ್ಚಿ ಟೀಗೆ ಹೋಗಿರ್ತಾನೆ. ನೀನು ನಂಬಿ ಹಿಂದಕ್ಕೆ ವಾಲ್ತೀಯ. ಆಗ ನಿಜವಾಗ್ಲೂ ಆಯ್ತು.”

“ಮತ್ತೇನು ಕೂಗ್ಲಿ?”

“ಅವನು ಇಳಿಸ್ತಾನೋ ನೀನೇ ಇಳೀತೀಯೋ, ನೆಲದ ಮೇಲೇ ತೀರ್ಮಾನ ಮಾಡ್ಕೊಳ್ಳಿ. ಇಳಿಸೋದಾದ್ರೆ ನಿನ್ನ ಕಾಲು ನೆಲ ಮುಟ್ಟೋತನಕ ಗೋಪಿ ಬಿಲೇ ಡಿವೈಸಿಂದ, ಅಂದ್ರೆ ಹಗ್ಗ ತಡೆದು ಹಿಡಿಯೋ ಸಾಧನದಿಂದ, ಹಗ್ಗ ತೆಗೀಬಾರದು. ಮೇಲೆ ಬಂಡೇಲಿರೋ ಆ್ಯಂಕರಿಗೆ ನಿನ್ನನ್ನ ಸಿಕ್ಕಿಸಿದ ಸ್ಲಿಂಗ್ ಪಟ್ಟಿ ಬಿಚ್ಚೋ ಮುಂಚೆ ಹಗ್ಗ ಭಾರ ಹೊತ್ತಿದೆಯಾ ನೋಡು. ಹೆಸರು ಹಿಡಿದು ಕೂಗು, ಪಕ್ಕದ ಬಂಡೇಲೂ ಯಾರೋ ‘ಆಯ್ತು’ ಅಂತಿರ್ತಾರೆ.”

“ಹಗ್ಗದ್ದಾದ್ರೂ ಆಯ್ತಲ್ಲ?”

“35 ಮೀಟರ್ ರೂಟಾದ್ರೆ ಹೋಗಿ ಬರೋಕೆ 70 ಬೇಕು. ನಿನ್ನ 60, ನೆಲ ಇನ್ನೂ 10 ಮೀಟರ್ ಇರೋವಾಗ್ಲೇ ಆಯ್ತು. ತುದಿ ಗೋಪಿ ಕೈಯಿಂದ ಸುಯ್ಯಂತ ಜಾರತ್ತೆ. ತುದಿಗೊಂದು ಗಂಟು ಹಾಕಿದ್ರೆ ಡಿವೈಸಿಗೆ ಸಿಕ್ಕಿ ನಿಲ್ಲತ್ತೆ. ಗಂಟು ಪುಕ್ಕಟೆ ನೋಡು, ಅದಕ್ಕೇ ನಿನ್ನ ಪಟ್ಟೀಲಿಲ್ಲ.”

“ನಾನು ಗಟ್ಟಿಯಾಗಿ ಹಿಡ್ಕೋತೀನಿ ಬಿಡೋ” ಅಂದ ಗೋಪಿ.

“ನೀನು 50 ಕೆಜಿ, ಸೀನ 85. ಅವನು ಬಿದ್ರೆ ನೀನು ಮೇಲೆ ಹೋಗ್ತೀಯ.”

“ಮೇಲೆ ಅಂದ್ರೆ?”

“ಸದ್ಯಕ್ಕೆ ಮೊದಲನೇ ಬೋಲ್ಟ್ ತನಕ.”

“ಮಳೆ ಬಂದ್ರೆ?” ಅಂದ ಸೀನ.

“ಮರಳುಗಲ್ಲು. ನೀರು ಕುಡಿದ್ರೆ ಹಿಡಿಕೆ ಕಿತ್ತು ಕೈಗೇ ಬರತ್ತೆ. ಹೊರಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಹಸಿ. ಪೂರ್ತಿ ಒಣಗೋತನಕ ರೊಟ್ಟಿ ತಿಂದ್ಕೊಂಡು ಗುಹೆ ನೋಡಿ. ಚಾಲುಕ್ಯರು 578ರಲ್ಲೇ ಅದೇ ಕಲ್ಲಲ್ಲಿ ವಿಷ್ಣೂನ ಕೂರಿಸಿದ್ದಾರೆ. ಅವರ್ಯಾರೂ ಕ್ವಿಕ್‌ಡ್ರಾ ಕೊಂಡಿರ್ಲಿಲ್ಲ.”

“ಇಷ್ಟೆಲ್ಲಾ ಹೇಳೋನು ನೀನೇ ಬಂದು ಹಗ್ಗ ಹಿಡಿ. 90 ಕೆಜಿ ಇದ್ದೀಯಲ್ಲ!”

ಮೂರ್ತಿ ಒಂದು ಶೂ ಎತ್ತಿ ತಳದ ರಬ್ಬರ್ ಮೇಲೆ ಹೆಬ್ಬೆರಳಾಡಿಸಿದ. “ಹಿಡಿಯೋಕಾದ್ರೆ ಬರ್ತೀನಿ. ಹತ್ತೋದು ಈ ಮಂಡಿಗೆ ಎಂದೋ ಆಯ್ತು.”

ಸೀನ ಹಗ್ಗದ ತುದಿ ಅವನ ಕಡೆ ತಳ್ಳಿದ. “ಆ ಪುಕ್ಕಟೆ ಗಂಟು ಹೇಗೆ ಹಾಕೋದು, ತೋರ್ಸು.”