ಸೆಕೆಂಡ್ ಗೇರ್ ಇಳಿಜಾರಲ್ಲಿ ಹಾರ್ತಿದೆ, ಟಿ-90 ಗೇರ್ ಬಾಕ್ಸ್ ಮತ್ತೆ ಇಳಿಸ್ಬೇಕಾ?

ತೋಟದ_ಜೀಪು:
ಎಲ್ಲರಿಗೂ ನಮಸ್ಕಾರ. ನಮ್ದು ಸಿಜೆ-3ಬಿ ಜೀಪು, ಮೂರು ಗೇರಿನ ಟಿ-90 ಬಾಕ್ಸು. ಈಚೆಗೆ ಗೇರ್ ಬಾಕ್ಸ್ ಪೂರ್ತಿ ಇಳಿಸಿ ರಿಪೇರಿ ಮಾಡಿಸಿದೆ. ಮುಂದಿಂದು ಹಿಂದಿಂದು ಬೇರಿಂಗ್, ಗೇರ್ ಸರಾಗ ಬೀಳೋಕೆ ಇರೋ ಸಿಂಕ್ರೋ ರಿಂಗ್, ಲೇ ಶಾಫ್ಟು, ಅದರ ಸೂಜಿ ರೋಲರ್, ಥ್ರಸ್ಟ್ ವಾಷರ್ ಎಲ್ಲಾ ಹೊಸದು. ಆದ್ರೂ ತೋಟದ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಸೆಕೆಂಡ್ ಗೇರ್ ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಹಿಂದೆ ಜನ ಕೂತಿರ್ತಾರೆ, ಗೊಬ್ಬರದ ಮೂಟೆ ಇರುತ್ತೆ. ಬರೀ ಬ್ರೇಕ್ ನಂಬ್ಕೊಂಡು ಇಳಿಯೋ ರಸ್ತೆ ಅಲ್ಲ ಅದು. ಮೆಕ್ಯಾನಿಕ್ ಕೇಳಿದ್ರೆ ಹಳೇ ಜೀಪು ಇರೋದೇ ಹಿಂಗೆ ಅಂತಾನೆ. ದುಡ್ಡೂ ಹೋಯ್ತು, ನೆಮ್ಮದಿನೂ ಹೋಯ್ತು. ದಯವಿಟ್ಟು ಯಾರಾದ್ರೂ ದಾರಿ ಹೇಳಿ.

ಹೈಹುಡ್_ಹಾಸನ:
ಟಾಪ್ ಕವರ್ ಒಳಗಿನ ಸ್ಪ್ರಿಂಗು ಸಾರ್. ಸೆಲೆಕ್ಟರ್ ರಾಡನ್ನ ಜಾಗದಲ್ಲಿ ಹಿಡಿದಿಡೋದು ಒಂದು ಸಣ್ಣ ಗುಂಡು, ಅದರ ಮೇಲೊಂದು ಸ್ಪ್ರಿಂಗ್. ಅದು ಸತ್ತರೆ ಸೆಕೆಂಡ್ ನಿಲ್ಲಲ್ಲ. ಬಾಕ್ಸ್ ಇಳಿಸೋದೇ ಬೇಡ, ಫ್ಲೋರ್ ಪ್ಲೇಟ್ ತೆಗೆದು ಟಾಪ್ ಕವರ್ ಬಿಚ್ಚಿ ಸ್ಪ್ರಿಂಗ್ ಹಾಕಿ.

ತೋಟದ_ಜೀಪು:
ಸ್ಪ್ರಿಂಗ್ ಬದಲಾಯಿಸಿ ಆಯ್ತು ಸಾರ್. ಗುಂಡು ಕೂರೋ ಕಚ್ಚು ಸವೆದಿದೆ ಅನ್ನಿಸಿ ರಾಡೂ ಹೊಸದು ಹಾಕ್ಸಿದೀನಿ. ಏನೂ ವ್ಯತ್ಯಾಸ ಇಲ್ಲ.

ಹೈಹುಡ್_ಹಾಸನ:
ಹೊಸ ಸ್ಪ್ರಿಂಗ್ ಅಂತ ಕೊಡೋದೆಲ್ಲ ಗಟ್ಟಿ ಇರಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಲಿ ಹುಡುಕಿದ್ರೆ ಹಳೇ ಒರಿಜಿನಲ್ ಸಿಗುತ್ತೆ. ಇಲ್ಲಾಂದ್ರೆ ಸ್ಪ್ರಿಂಗ್ ಕೆಳಗೆ ತೆಳು ವಾಷರ್ ಕೊಡಿ.

ಲೇತ್_ಶಿವಮೊಗ್ಗ:
ವಾಷರ್ ಕೊಟ್ರೆ ಲಿವರ್ ಗಟ್ಟಿ ಆಗುತ್ತೆ, ಕಾಯಿಲೆ ಹಾಗೇ ಇರುತ್ತೆ. ತೋಟದ ಜೀಪು ಅವರೇ, ಒಂದು ಪರೀಕ್ಷೆ ಮಾಡಿ. ಖಾಲಿ ಗಾಡಿಲಿ ಸಣ್ಣ ಇಳಿಜಾರಲ್ಲಿ ಸೆಕೆಂಡ್ ಹಾಕಿ, ಲಿವರ್ ಮೇಲೆ ಅಂಗೈ ಹಗುರಕ್ಕೆ ಇಟ್ಟು ಆಕ್ಸಿಲರೇಟರ್ ಬಿಡಿ. ಕುಳಿ ಹಾರಿದಾಗ ಮಾತ್ರ ಲಿವರ್ ಸಡಿಲವಾಗಿ ಜಾರಿದ್ರೆ ಸ್ಪ್ರಿಂಗ್ ಮೇಲೆ ಅನುಮಾನ ಪಡಬಹುದು. ಕುಳಿ ಇಲ್ಲದ ಸಮ ರಸ್ತೆಲೂ ಅಂಗೈಯನ್ನ ಒದ್ದ ಹಾಗೆ ತಳ್ಳಿದ್ರೆ ಒಳಗೆ ಗೇರೇ ತಳ್ತಿದೆ ಅಂತ ಅರ್ಥ. ಆ ಬಲವನ್ನ ಯಾವ ಸ್ಪ್ರಿಂಗೂ ತಡೆಯಲ್ಲ. ಮತ್ತೆ ಲಿವರಿನ ರಬ್ಬರ್ ಬೂಟು ಅಥವಾ ಫ್ಲೋರ್ ತೂತಿನ ಅಂಚು ಲಿವರಿಗೆ ತಾಗಿ ಗೇರ್ ಪೂರ್ತಿ ಕೂರ್ತಿಲ್ವಾ, ಅದನ್ನೂ ನೋಡಿ.

ಕೂರ್ಗ್_540:
ಯಾವ ಆಯಿಲ್ ಹಾಕಿದ್ದೀರಿ? ಅದನ್ನ ಯಾರೂ ಕೇಳ್ಲಿಲ್ಲ. 90 ನಂಬರ್ ಗೇರ್ ಆಯಿಲಲ್ಲಿ ಜಿಎಲ್-5 ದರ್ಜೆದು ಹಾಕಿದ್ರೆ ಅದರಲ್ಲಿರೋ ಗಂಧಕದ ಅಂಶ ಹಿತ್ತಾಳೆ ಸಿಂಕ್ರೋ ರಿಂಗನ್ನ ತಿನ್ನಬಹುದು. ಜಿಎಲ್-4 ಮಾತ್ರ ಹಾಕಬೇಕು.

ಹೈಹುಡ್_ಹಾಸನ:
ಹೊಸ ರಿಂಗ್ ಇಷ್ಟು ಬೇಗ ತಿಂದು ಹೋಗುತ್ತಾ? ನಾನು ಡಿಫರೆನ್ಷಿಯಲ್‌ಗೆ ಹಾಕೋದನ್ನೇ ಗೇರ್ ಬಾಕ್ಸಿಗೂ ಹಾಕ್ತೀನಿ, ಏನೂ ಆಗಿಲ್ಲ.

ಕೂರ್ಗ್_540:
ನಿಮ್ಮ ಗಾಡಿ ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರೋದು. ನನ್ನದು ದಿನಾ ಲೋಡ್ ಹೊತ್ತು ಘಟ್ಟ ಹತ್ತುತ್ತೆ. ನಾಲ್ಕು ಗೇರಿನ ಬಾಕ್ಸು, ಪ್ಯೂಜೋ ಡೀಸೆಲ್ ಇಂಜಿನ್ನು, ಮುಂದೆ ವಿಂಚು. ಹೊಸ ಟೈರ್ ಹಾಕಿದ್ಮೇಲೆ ಕೆಸರಲ್ಲಿ ಒಂದ್ಸಲನೂ ಕೂತಿಲ್ಲ. ಫೋಟೋ ಬೇಕಿದ್ರೆ ಹಾಕ್ತೀನಿ.

ಲೇತ್_ಶಿವಮೊಗ್ಗ:
ಆಯಿಲ್ ವಿಷಯ ನೀವು ಹೇಳಿದ್ದು ಸರಿ, ಟಿ-90ಕ್ಕೆ ಜಿಎಲ್-4 ಒಳ್ಳೇದು. ಆದ್ರೆ ಸಿಂಕ್ರೋ ರಿಂಗ್ ಸವೆದ್ರೆ ಗೇರ್ ಹಾಕುವಾಗ ಕರಕರ ಅನ್ನುತ್ತೆ. ಕೂತ ಗೇರು ಹಾರೋದು ಬೇರೆ ಕಥೆ. ಪರೀಕ್ಷೆ ಏನಾಯ್ತು ಸಾರ್?

ತೋಟದ_ಜೀಪು:
ಬೂಟು, ಫ್ಲೋರು ಎಲ್ಲೂ ತಾಗ್ತಿಲ್ಲ. ಲಿವರ್ ಅಂಗೈಯನ್ನ ಒದೆಯುತ್ತೆ, ಸಮ ರಸ್ತೆಲೂ. ಹಿಡ್ಕೊಂಡಿದ್ರೆ ನಡುಕ ಕೈಗೆ ಗೊತ್ತಾಗುತ್ತೆ. ಇನ್ನೊಂದು, ಕ್ಲಚ್ ತುಳಿದು ನಿಂತಾಗ ಎಲ್ಲಿಂದಲೋ ಕೀರಲು ಶಬ್ದ ಬರುತ್ತೆ. ಡೀಸೆಲ್ ಇಂಜಿನ್ ಹಾಕ್ಸಿದಾಗಿಂದಲೂ ಇತ್ತು ಅದು.

ಲೇತ್_ಶಿವಮೊಗ್ಗ:
ಡೀಸೆಲ್ ಇಂಜಿನ್ನಾ? 3ಬಿಗೆ ಮೂಲದಲ್ಲಿ ಬರ್ತಿದ್ದಿದ್ದು 134 ಘನ ಇಂಚಿನ ಹರಿಕೇನ್ ಪೆಟ್ರೋಲ್ ಇಂಜಿನ್. ನಿಮ್ಮದರಲ್ಲಿ ಯಾವುದಿದೆ?

ತೋಟದ_ಜೀಪು:
ಪ್ಯೂಜೋ ಎಕ್ಸ್‌ಡಿಪಿ 4.90. ಮಧ್ಯೆ ಕಬ್ಬಿಣದ ಪ್ಲೇಟ್ ಮಾಡಿಸಿ ಟಿ-90 ಕೂರಿಸಿದ್ದಾರೆ. ಇಂಜಿನ್ ಚೆನ್ನಾಗೇ ಇದೆ ಸಾರ್, ನನ್ನ ಪ್ರಶ್ನೆ ಗೇರ್ ಬಾಕ್ಸಿಂದು.

ಲೇತ್_ಶಿವಮೊಗ್ಗ:
ನಿಮ್ಮ ಉತ್ತರ ಆ ಪ್ಲೇಟಲ್ಲೇ ಇರಬೇಕು. ಇನ್‌ಪುಟ್ ಶಾಫ್ಟಿನ ಮೂತಿ ಫ್ಲೈವೀಲ್ ಕಡೆ ಇರೋ ಪೈಲಟ್ ಬುಷ್ ಒಳಗೆ ಕೂರಬೇಕು. ಪ್ಲೇಟ್ ದಪ್ಪ ಇದ್ದಷ್ಟೂ ಬಾಕ್ಸ್ ಹಿಂದೆ ಸರಿಯುತ್ತೆ, ಮೂತಿ ಬುಷ್ಷಿಗೆ ಪೂರ್ತಿ ತಲುಪಲ್ಲ. ಪ್ಲೇಟಿನ ತೂತು ಕ್ರ್ಯಾಂಕಿನ ನಡುವಿಗೆ ಸರಿಯಾಗಿಲ್ಲದಿದ್ರೂ ಇದೇ ಕಾಟ. ಮೇನ್ ಶಾಫ್ಟಿನ ಮುಂದಿನ ತುದಿ ಇನ್‌ಪುಟ್ ಶಾಫ್ಟಿನ ಒಳಗಿನ ರೋಲರ್ ಮೇಲೆ ಕೂತಿರುತ್ತೆ. ಇನ್‌ಪುಟ್ ಓಲಾಡಿದ್ರೆ ಮೇನ್ ಶಾಫ್ಟೂ ಓಲಾಡುತ್ತೆ. ಆಗ ಸೆಕೆಂಡ್ ಗೇರಿನ ಹಲ್ಲುಗಳು ಒಂದಕ್ಕೊಂದು ಓರೆಯಾಗಿ ಕೂತು, ಗೇರನ್ನ ಶಾಫ್ಟಿಗೆ ಜೋಡಿಸೋ ಸ್ಲೀವನ್ನ ಹೊರಕ್ಕೆ ತಳ್ತವೆ. ಕ್ಲಚ್ ತುಳಿದಾಗಿನ ಶಬ್ದ ಪೈಲಟ್ ಬುಷ್ಷಿಂದು ಇರಬಹುದು, ರಿಲೀಸ್ ಬೇರಿಂಗೂ ನೋಡ್ಬಿಡಿ.

ಹೌದು, ಮತ್ತೆ ಇಳಿಸ್ಲೇಬೇಕು. ಬಾಕ್ಸು, ಟ್ರಾನ್ಸ್‌ಫರ್ ಕೇಸ್ (ಬಾಕ್ಸಿನ ಹಿಂದೆ ಕೂತು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋದು) ಒಟ್ಟಿಗೆ ಇಳಿಸಿ. ಕೇಸನ್ನ ಬೇರೆ ಮಾಡಬೇಕಂದ್ರೆ ಹಿಂದಿನ ಪಿಟಿಒ (ಬೇರೆ ಯಂತ್ರ ಓಡಿಸೋಕೆ ಶಕ್ತಿ ತೆಗೆಯೋ ಜಾಗ) ಕವರ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿ ಗೇರ್ ಹೊರಗೆ ತೆಗೀಬೇಕು. ಆಗ ಮೇನ್ ಶಾಫ್ಟ್ ಹಿಂದಕ್ಕೆ ಎಳೆದು ಬಂದ್ರೆ ಮುಂದಿನ ರೋಲರ್‌ಗಳು ಒಳಗೆ ಉದುರ್ತವೆ. ಈಗ ಅದು ಬೇಡ. ಎರಡರದ್ದೂ ಆಯಿಲ್ ಬಸಿದು, ಎರಡೂ ಪ್ರೊಪೆಲ್ಲರ್ ಶಾಫ್ಟು, ಸ್ಪೀಡೋ ಕೇಬಲ್, ಹ್ಯಾಂಡ್ ಬ್ರೇಕ್, ಕ್ಲಚ್ ರಾಡು, ಲಿವರ್‌ಗಳು ಬಿಚ್ಚಿ. ಕ್ರಾಸ್ ಮೆಂಬರ್ ಮುಟ್ಟೋಕೆ ಮುಂಚೆ ಇಂಜಿನ್ ಸಂಪಿನ ಕೆಳಗೆ ಮರದ ತುಂಡು ಇಟ್ಟು ಜಾಕ್ ಕೊಡಿ. ಕ್ಲಚ್ಚನ್ನ ಮುಚ್ಚೋ ಬೆಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟಿನ ಜಾಗಕ್ಕೆ ತಲೆ ಕತ್ತರಿಸಿದ ಉದ್ದ ಬೋಲ್ಟ್ ಹಾಕಿ ಅದರ ಮೇಲೆ ಬಾಕ್ಸನ್ನ ನೇರ ಹಿಂದಕ್ಕೆ ಸರಿಸಿ. ಬಾಕ್ಸಿನ ಭಾರ ಕ್ಲಚ್ ಪ್ಲೇಟ್ ಮೇಲೆ ನೇತಾಡಿದ್ರೆ ಪ್ಲೇಟಿನ ಹಬ್ ಬಗ್ಗುತ್ತೆ, ಹಾಗಾಗಿ ಒಬ್ಬರೇ ಮಾಡಬೇಡಿ. ಕೈ ಅಡಿಗೆ ಸಿಕ್ಕಿದ್ರೆ ಬೆರಳು ಹೋಗುತ್ತೆ.

ಕೂರ್ಗ್_540:
ಆ ಇಂಜಿನ್ನಿಗೆ ಟಿ-90 ಯಾಕೆ? ನಾಲ್ಕು ಗೇರಿನ ಬಾಕ್ಸನ್ನೇ ಹಾಕಿಬಿಡಿ, ಎಲ್ಲಾ ಗೇರಿಗೂ ಸಿಂಕ್ರೋ ಇದೆ. ಟಿ-90ಕ್ಕೆ ಫಸ್ಟಲ್ಲಿ ಸಿಂಕ್ರೋನೇ ಇಲ್ಲ.

ಹೈಹುಡ್_ಹಾಸನ:
ಕ್ಲಚ್ ಎರಡು ಸಲ ತುಳಿದು ಹಾಕೋಕೆ ಬರೋರಿಗೆ ಅದೊಂದು ಸಮಸ್ಯೆನೇ ಅಲ್ಲ. ಟಿ-90 ಫಸ್ಟು 2.8, ಟ್ರಾನ್ಸ್‌ಫರ್ ಕೇಸ್ ಲೋ 2.46, ಡಿಫರೆನ್ಷಿಯಲ್ 5.38. ಗುಣಿಸಿ ನೋಡಿ, 37 ಬರುತ್ತೆ, ಅಂದ್ರೆ ಇಂಜಿನ್ 37 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ತೋಟಕ್ಕೆ ಸಾಕು. ನಾನು ಈಗಲೂ ಹೇಳ್ತೀನಿ, ಇಳಿಸೋ ಮುಂಚೆ ಒಂದ್ಸಲ ಒರಿಜಿನಲ್ ಸ್ಪ್ರಿಂಗ್ ಹಾಕಿ ನೋಡಿ.

ತೋಟದ_ಜೀಪು:
ಇಳಿಸಿದ್ವಿ. ಇನ್‌ಪುಟ್ ಮೂತಿಯಲ್ಲಿ ತುದಿಯ ಐದಾರು ಮಿಲಿಮೀಟರ್ ಮಾತ್ರ ಸವೆದು ಹೊಳೀತಿದೆ. ಅದರ ಹಿಂದೆ ಗ್ರೀಸ್ ಹಚ್ಚಿದ್ದು ಕಪ್ಪಾಗಿ ಹಾಗೇ ಅಂಟ್ಕೊಂಡಿದೆ, ಬುಷ್ ಅಲ್ಲಿಗೆ ಮುಟ್ಟೇ ಇಲ್ಲ. ಬುಷ್ಷಿನ ಬಾಯಿ ಮೊಟ್ಟೆ ಆಕಾರಕ್ಕೆ ಬಂದಿದೆ. ಲೇತ್ ಅವರೇ, ತುಂಬಾ ಉಪಕಾರ ಆಯ್ತು. ಈಗ ಲೇತಲ್ಲಿ ಉದ್ದನೆ ಬುಷ್ ಮಾಡಿಸಿ ಹಾಕಿದ್ರೆ ಆಯ್ತಲ್ವಾ?

ಲೇತ್_ಶಿವಮೊಗ್ಗ:
ಬುಷ್ ಒಂದೇ ಹಾಕಬೇಡಿ. ಮೊದಲು ಕ್ಲಚ್ ತೆಗೆದು, ಕೂದಲೆಳೆ ವ್ಯತ್ಯಾಸ ಅಳೆಯೋ ಡಯಲ್ ಗೇಜನ್ನ ಫ್ಲೈವೀಲ್ ಮೇಲೆ ಕೂರಿಸಿ, ಗೇಜಿನ ಮುಳ್ಳು ಬೆಲ್ ಹೌಸಿಂಗಿನ ನಡುವಿನ ತೂತಿಗೆ ತಾಗೋ ಹಾಗೆ ಇಡಿ. ಗ್ಲೋ ಪ್ಲಗ್ ಬಿಚ್ಚಿ, ಮುಂದಿನ ಪುಲ್ಲಿಯಿಂದ ಇಂಜಿನ್ ನಿಧಾನ ಒಂದು ಸುತ್ತು ತಿರುಗಿಸಿ. ಗೇಜ್ ತೋರಿಸೋ ಒಟ್ಟು ಓಟ ಐದು ಥೌ (ಇಂಚಿನ ಸಾವಿರದಲ್ಲಿ ಐದು ಭಾಗ) ಒಳಗಿರಬೇಕು. ಬಾಕ್ಸ್ ಕೂರೋ ಮುಖವನ್ನೂ ಹೀಗೇ ನೋಡಿ. ಹೆಚ್ಚಿದ್ರೆ ಪ್ಲೇಟ್ ಸಡಿಲಿಸಿ ಸರಿಸಿ, ಸರಿಯಾದ ಜಾಗದಲ್ಲಿ ಅದು ಕದಲದ ಹಾಗೆ ಡೋವೆಲ್ ಪಿನ್ ಹೊಡೀಬೇಕು. ಆಮೇಲೆ ಕಂಚಿನ ಬುಷ್ ಲೇತಲ್ಲಿ ಮಾಡಿಸಿ, ಆಯಿಲಲ್ಲಿ ನೆನೆಸಿಟ್ಟು ಹಾಕಿ.

ಹೈಹುಡ್_ಹಾಸನ:
ಉದ್ದ ಬುಷ್ ಫ್ಲೈವೀಲಿಂದ ಆಚೆ ಚಾಚಿದ್ರೆ ಅದೂ ಅಲ್ಲಾಡುತ್ತೆ. ಪ್ಲೇಟನ್ನೇ ತೆಳು ಮಾಡಿಸೋದು ವಾಸಿ.

ಲೇತ್_ಶಿವಮೊಗ್ಗ:
ತೆಳು ಮಾಡಿದ್ರೆ ಕ್ಲಚ್ ಪ್ಲೇಟಿನ ಹಬ್ಬೋ ರಿಲೀಸ್ ಬೇರಿಂಗೋ ತಾಗಬಹುದು. ಪ್ಲೇಟಿನ ದಪ್ಪ ಎಷ್ಟು, ಫ್ಲೈವೀಲ್ ಮುಖದಿಂದ ಬೆಲ್ ಹೌಸಿಂಗ್ ಹಿಂದಿನ ಮುಖದವರೆಗೆ ಎಷ್ಟು, ಅಳತೆ ಹಾಕಿ ಸಾರ್. ಅದು ಗೊತ್ತಾಗ್ದೆ ಹೇಳೋಕಾಗಲ್ಲ.

ತೋಟದ_ಜೀಪು:
ಡಯಲ್ ಗೇಜ್ ಸಕಲೇಶಪುರದಲ್ಲಿ ಯಾರ ಹತ್ರನೂ ಸಿಗ್ಲಿಲ್ಲ, ಹಾಸನದಿಂದ ತರಿಸ್ತಿದೀನಿ. ಅಳತೆ ತೆಗೆದು ಹಾಕ್ತೀನಿ.

ಮಂಡ್ಯ_ವಿಲ್ಲೀಸ್:
ಇಲ್ಲೇ ಕೇಳ್ತೀನಿ, ತಪ್ಪು ತಿಳೀಬೇಡಿ. ನನ್ನ ಟಿ-90 ಆಯಿಲ್ ಟ್ರಾನ್ಸ್‌ಫರ್ ಕೇಸಿಗೆ ಇಳಿದು ಬಾಕ್ಸ್ ಒಣಗ್ತಿದೆ, ಕೇಸ್ ತುಂಬಿ ಹಿಂದಿನ ಸೀಲಿಂದ ಬ್ರೇಕ್ ಡ್ರಮ್ಮಿಗೆ ಸೋರ್ತಿದೆ. ಮಧ್ಯದ ಸೀಲ್ ಯಾರ ಹತ್ರ ಸಿಗುತ್ತೆ?

ಕೂರ್ಗ್_540:
ಯಾವ ಆಯಿಲ್ ಹಾಕಿದ್ದೀರಿ?