ರಸ್ತೆ ಕಾಂಕ್ರೀಟ್ ಆಗುತ್ತಂತೆ, 11 ಹೊಂಗೆ ಮರ ಹೋಗುತ್ತವಂತೆ. ಬದಲಿಗೆ ಸಸಿ ನೆಟ್ಟರೆ ಸಾಕಾ?

ಹೊಂಗೆಸಾಲು:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ಶಾಮನೂರು ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆ. ಎರಡೂ ಬದಿ ಸೇರಿ 11 ಹೊಂಗೆ ಮರಗಳಿವೆ. ನಮ್ಮ ಮಾವನವರು ಮತ್ತು ಅಕ್ಕಪಕ್ಕದ ಮನೆಯವರು ಸೇರಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಈಗ ರಸ್ತೆಗೆ ಕಾಂಕ್ರೀಟ್ ಹಾಕುತ್ತಾರಂತೆ, ಚರಂಡಿ ಹೊಸದಾಗಿ ಕಟ್ಟುತ್ತಾರಂತೆ, ಅದಕ್ಕೆ ಮರ ಅಡ್ಡ ಬರುತ್ತವಂತೆ. ಹೋದ ವಾರ ಯಾರೋ ಬಂದು ಕಾಂಡಕ್ಕೆಲ್ಲ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಕೇಳಿದ್ದಕ್ಕೆ "ಒಂದಕ್ಕೆ ಹತ್ತು ಸಸಿ ಬೈಪಾಸ್ ಕಡೆ ಹಾಕ್ತೀವಿ ಮೇಡಂ, ನಿಮಗ್ಯಾಕೆ ಚಿಂತೆ" ಅಂದರು.

ಯಾಕೆ ಚಿಂತೆ ಅಂತ ಹೇಳುತ್ತೇನೆ. ಈ ಮರಗಳು ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂಥ ಹೊಸ ಎಲೆ ತುಂಬಿಕೊಳ್ಳುತ್ತವೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೆರಳು ಸಿದ್ಧ. ಹೂ ಉದುರಿದಾಗ ರಸ್ತೆ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತೆ. ಮೂರನೇ ಮರದ ಕೆಳಗೆ ಹೂ ಮಾರುವ ಅಜ್ಜಿ ಒಬ್ಬರು ಕೂರುತ್ತಾರೆ, ನೆರಳು ಸರಿದ ಹಾಗೆ ಅವರೂ ಬುಟ್ಟಿ ಎಳೆದುಕೊಂಡು ಸರಿಯುತ್ತಾರೆ. ರಸ್ತೆಯ ಆ ತುದಿಯಲ್ಲಿ ಎರಡು ಮರ ಎರಡು ವರ್ಷದ ಹಿಂದೆಯೇ ಹೋದವು, ಈಗ ಅಲ್ಲಿ ಮಧ್ಯಾಹ್ನ ಅರ್ಧ ಗಂಟೆ ಸ್ಕೂಟರ್ ನಿಲ್ಲಿಸಿದರೆ ಸೀಟಿಗೆ ನೀರು ಸುರಿದೇ ಕೂರಬೇಕು. ಒಂದೇ ರಸ್ತೆ, ಎರಡು ಹವಾಮಾನ.

ನನಗೆ ಗೊತ್ತಾಗಬೇಕಿರುವುದು ಇಷ್ಟು. ಮರ ಉಳಿಸಿಕೊಂಡೇ ಚರಂಡಿ, ರಸ್ತೆ ಮಾಡೋಕೆ ಆಗಲ್ವಾ? ಎಲ್ಲೋ ನೆಟ್ಟ 110 ಸಸಿ ಈ 11 ಮರಕ್ಕೆ ಸಮ ಆಗುತ್ತಾ? ಕಚೇರಿಗೆ ಹೋದರೆ ಏನಂತ ಕೇಳಬೇಕು? ಸುಮ್ನೆ ಜಗಳ ಆಡಿ ಬರೋಕೆ ಇಷ್ಟ ಇಲ್ಲ, ಕೆಲಸ ಆಗಬೇಕು.

ರಸ್ತೆಕೆಲಸದವ:

ಮೇಡಂ, ನಾನು ಸಿವಿಲ್ ಇಂಜಿನಿಯರ್ ಆಗಿ ವರ್ಷಗಟ್ಟಲೆ ರಸ್ತೆ, ಚರಂಡಿ ಕೆಲಸ ಮಾಡಿಸಿದ್ದೇನೆ, ಈಗ ನಿವೃತ್ತಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಬಹಳ ಕಡೆ ಆಗುತ್ತೆ. ಚರಂಡಿ ಎಂದರೆ ದಾರ ಹಿಡಿದ ಹಾಗೆ ನೇರವೇ ಇರಬೇಕು ಅಂತೇನಿಲ್ಲ, ಇಳಿಜಾರು ಸರಿ ಇದ್ದರೆ ಮರದ ಹತ್ತಿರ ಎರಡು ಅಡಿ ಬಳಸಿಕೊಂಡು ಹೋಗಬಹುದು. ನೀಲಿನಕ್ಷೆ ಮಾಡುವಾಗಲೇ ಮರಗಳನ್ನು ಗುರುತು ಹಾಕಿಕೊಂಡರೆ ಇದು ದೊಡ್ಡ ವಿಷಯವೇ ಅಲ್ಲ. ನಕ್ಷೆಯಲ್ಲಿ ಮರವೇ ಇರುವುದಿಲ್ಲ, ಜೆಸಿಬಿ ಬಂದು ನಿಂತ ಮೇಲೆ ಮರ ಕಾಣುತ್ತೆ, ತೊಂದರೆ ಅಲ್ಲೇ ಶುರು.

ಒಂದು ಎಚ್ಚರಿಕೆ. ಮರ ಕಡಿಯುವುದಿಲ್ಲ ಅಂತ ಹೇಳಿ, ಬುಡದ ಪಕ್ಕದಲ್ಲೇ ಜೆಸಿಬಿಯಲ್ಲಿ ಅಗೆದು ಒಂದು ಬದಿಯ ಬೇರೆಲ್ಲ ಕತ್ತರಿಸಿ ಹಾಕಿದರೆ ಅದು ಕಡಿದಂತೆಯೇ. ಮರದ ಬೇರು ನಾವು ಅಂದುಕೊಂಡಷ್ಟು ಆಳಕ್ಕೆ ಹೋಗುವುದಿಲ್ಲ, ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಮೂರು ಅಡಿಯಲ್ಲೇ ಇರುತ್ತವೆ, ಕೊಂಬೆ ಚಾಚಿದ್ದಕ್ಕಿಂತ ದೂರ ಹರಡಿರುತ್ತವೆ. ಒಂದು ಬದಿಯ ಹಿಡಿತ ಹೋದ ಮರ ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಉರುಳುತ್ತೆ. ಆಗ ಎಲ್ಲರೂ ಮರ ಅಪಾಯ ಅಂತಾರೆ, ಬೇರು ಕತ್ತರಿಸಿದ್ದು ಯಾರಿಗೂ ನೆನಪಿರಲ್ಲ. ಹಾಗಾಗಿ ಮರದ ಹತ್ತಿರ ಗುದ್ದಲಿ, ಹಾರೆಯಲ್ಲೇ ಅಗೆಯಬೇಕು ಅಂತ ಬರಹದಲ್ಲಿ ಕೇಳಿ.

ಇನ್ನು ಬುಡ. ಕಾಂಕ್ರೀಟನ್ನು ಕಾಂಡಕ್ಕೆ ತಾಗಿಸಿ ಹಾಕಬಾರದು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಷಯದಲ್ಲಿ, ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಕೊಟ್ಟಿತ್ತು. ಅದು ದೆಹಲಿಗೆ ಕೊಟ್ಟ ಆದೇಶ, ಆದರೆ ಬೇರಿಗೆ ಗಾಳಿ ನೀರು ಬೇಕಾಗಿರುವುದು ಇಲ್ಲೂ ಅಷ್ಟೇ ಅಲ್ವಾ. ಆ ಮಣ್ಣಿನ ಜಾಗವನ್ನು ರಸ್ತೆಗಿಂತ ಸ್ವಲ್ಪ ತಗ್ಗಿಸಿ, ಅಂಚಿನ ಕಲ್ಲಿನಲ್ಲಿ ಒಂದು ಸಂದು ಬಿಟ್ಟರೆ ಮಳೆನೀರು ಮೊದಲು ಮರದ ಬುಡಕ್ಕೆ ಇಳಿದು, ಉಳಿದದ್ದು ಚರಂಡಿಗೆ ಹೋಗುತ್ತೆ.

ನಿಮ್ಮ ಸ್ಕೂಟರ್ ಸೀಟಿನ ಮಾತಿಗೆ ಅಳತೆಯ ಬೆಂಬಲವೂ ಇದೆ. ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರ ಇರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ ಕಡಿಮೆ ಕಂಡಿತ್ತು, ರಸ್ತೆಯ ಮೈ ಅಂತೂ 27.5 ಡಿಗ್ರಿವರೆಗೆ ಕಡಿಮೆ. ಎಲೆ ಬಿಸಿಲನ್ನು ತಡೆಯುವುದು ಒಂದು, ಬೇರು ಎಳೆದ ನೀರು ಎಲೆಯಿಂದ ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುವುದು ಇನ್ನೊಂದು. ನೆರಳಿಲ್ಲದ ಕಾಂಕ್ರೀಟ್ ಹಗಲು ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತೆ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಗೋಡೆ ಬೆಚ್ಚಗಿರುವುದು ಅದಕ್ಕೇ.

ಕೋಟೆಊರಿನ ನರ್ಸರಿ:

ಅಕ್ಕ, ನಾನು ಚಿತ್ರದುರ್ಗದವಳು, ಸಸಿ ಬೆಳೆಸುವುದೇ ನನ್ನ ಕೆಲಸ. ಸಸಿ ಮಾರುವವಳೇ ಹೇಳುತ್ತಿದ್ದೇನೆ, 110 ಸಸಿ 11 ಮರಕ್ಕೆ ಸಮ ಅಲ್ಲ. ಚೆನ್ನಾಗಿ ಬೆಳೆದರೂ ನಿಮ್ಮ ಹೂವಿನ ಅಜ್ಜಿ ಕೂರುವಷ್ಟು ನೆರಳಿಗೆ ಹತ್ತು ಹದಿನೈದು ವರ್ಷ ಬೇಕು, ಅದೂ ಬೈಪಾಸಿನಲ್ಲಿ ಬಿದ್ದ ನೆರಳು ನಿಮ್ಮ ಬೀದಿಗೆ ಬರಲ್ಲ.

ಮತ್ತೆ, ಬದುಕಬೇಕಲ್ಲ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಲ್ಲಿ ಫೋಟೋ ತೆಗೆಸಿಕೊಂಡು ನೆಡುತ್ತಾರೆ, ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಸಸಿ ಚಿಗುರುತ್ತೆ, ದೀಪಾವಳಿ ಕಳೆದ ಮೇಲೆ ಯಾರೂ ಆ ಕಡೆ ಹೋಗಲ್ಲ. ಶಿವರಾತ್ರಿ ಹೊತ್ತಿಗೆ ಹೋಗಿ ನೋಡಿದರೆ ಕಬ್ಬಿಣದ ಜಾಲರಿ ನಿಂತಿರುತ್ತೆ, ಒಳಗೆ ಒಣ ಕಡ್ಡಿ. ಒಂದು ಸಲ ನಾನೇ ಕೊಟ್ಟ ಸಸಿಗಳನ್ನು ನೋಡೋಕೆ ಹೋಗಿ ಒಂದನ್ನು ಎಳೆದರೆ ಬೇರಿನ ಸಮೇತ ಕೈಗೆ ಬಂತು. ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು, ಬಿಚ್ಚದೇ ನೆಟ್ಟಿದ್ದರು. ಬೇರು ಚೀಲದೊಳಗೇ ಸುತ್ತಿ ಸುತ್ತಿ ಚಕ್ಕುಲಿ ಆಗಿತ್ತು. ಅವತ್ತು ತುಂಬಾ ಸಂಕಟ ಆಯಿತು.

ನೀವು ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಅಕ್ಕ. ಜೂನ್‌ನಲ್ಲಿ ಎಷ್ಟು ನೆಟ್ಟಿರಿ ಅಂತ ಕೇಳಬೇಡಿ, ನೆಟ್ಟ ಮೂರನೇ ವರ್ಷದ ಏಪ್ರಿಲ್‌ನಲ್ಲಿ ಎಷ್ಟು ಬದುಕಿವೆ ಅಂತ ಕೇಳಿ. ಗುತ್ತಿಗೆ ಹಣದ ಒಂದು ಭಾಗ ಆ ಲೆಕ್ಕ ಕೊಟ್ಟ ಮೇಲೇ ಬಿಡುಗಡೆ ಆಗಬೇಕು. ಮೂರಡಿ ಗುಂಡಿ, ಆಳೆತ್ತರದ ಸಸಿ, ಮೊದಲ ಎರಡು ಮೂರು ಬೇಸಿಗೆಗೆ ನೀರು. ಇಷ್ಟಿಲ್ಲದೆ ನಮ್ಮ ಕಡೆ ಮರ ಆಗಲ್ಲ.

ಜಾತಿ ಬಗ್ಗೆಯೂ ಒಂದು ಮಾತು. ಬೇಗ ಹಸಿರು ಕಾಣಲಿ ಅಂತ ಕೋನೋಕಾರ್ಪಸ್ ಅನ್ನೋ ವಿದೇಶಿ ಮರ ಹಾಕುತ್ತಿದ್ದರು, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಗುಲ್‌ಮೊಹರ್ ಚಂದ, ಆದರೆ ಕೊಂಬೆ ಬೇಗ ಮುರಿಯುತ್ತೆ, ಬೇಸಿಗೆ ಶುರುವಿನಲ್ಲಿ ಬೋಳು. ಹೊಂಗೆ, ಬೇವು, ತಪಸಿ, ಬಾಗೆ, ನೇರಳೆ, ಜಾಗ ಇದ್ದ ಕಡೆ ಹುಣಸೆ, ಬಸರಿ, ಹೀಗೆ ಬೆರೆಸಿ ನೆಡಬೇಕು, ಒಂದೇ ಜಾತಿ ಆದರೆ ರೋಗ ಬಂದಾಗ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬೇವು ಎಂಥಾ ಗಟ್ಟಿ ಮರ, ಅದಕ್ಕೂ ತುದಿ ಒಣಗುವ ರೋಗ ಬಂದಾಗ ಸಾಲಿಗೆ ಸಾಲೇ ಕಂದಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಮೂರನೇಕ್ರಾಸ್:

ಎಲ್ಲರೂ ಮರದ ಪರ ಮಾತಾಡುತ್ತಿದ್ದೀರಿ, ಸರಿ. ನಮ್ಮ ಮನೆ ಮುಂದಿನ ಮರದ ಎಲೆ ಚರಂಡಿಗೆ ಬಿದ್ದು ಮಳೆಗಾಲದಲ್ಲಿ ನೀರು ಗೇಟಿನೊಳಗೆ ಬರುತ್ತೆ. ಕೊಂಬೆ ತಂತಿಗೆ ತಾಗಿ ಕರೆಂಟ್ ಹೋಗುತ್ತೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಫ್ಯಾನ್ ಇಲ್ಲದೆ ಒದ್ದಾಡುತ್ತಾರೆ. ಇದಕ್ಕೇನು ಮಾಡೋದು?

ರಸ್ತೆಕೆಲಸದವ:

ನಿಮ್ಮ ಕಷ್ಟ ನಿಜ ಸರ್, ಅದನ್ನು ಯಾರೂ ತಳ್ಳಿಹಾಕಬಾರದು. ತಂತಿ ಕೆಳಗಿನ ಮರದ ತಲೆಯನ್ನೇ ಬೋಳಿಸಿ ಹೋಗುತ್ತಾರೆ, ಆಗ ಆ ಗಾಯದ ಸುತ್ತ ಹತ್ತಾರು ಚಿಗುರು ಒಟ್ಟಿಗೆ ಹೊರಟು ಒಂದೆರಡು ವರ್ಷದಲ್ಲಿ ಮತ್ತೆ ತಂತಿಗೆ ತಾಗುತ್ತವೆ. ಆ ಚಿಗುರಿಗೆ ಹಿಡಿತವೂ ಕಡಿಮೆ, ಗಾಳಿಗೆ ಮೊದಲು ಮುರಿಯುವುದು ಅದೇ. ತಂತಿ ಕಡೆ ಬಾಗಿದ ಕೊಂಬೆಯನ್ನಷ್ಟೇ, ಅದು ಕಾಂಡಕ್ಕೆ ಸೇರುವ ಗಂಟಿನವರೆಗೆ ನೀಟಾಗಿ ತೆಗೆದರೆ ಇಷ್ಟು ತೊಂದರೆ ಇರಲ್ಲ. ಬರಿ ತಂತಿ ತೆಗೆದು ಹೊದಿಕೆ ಇರುವ ಕೇಬಲ್ ಹಾಕಿದರೆ ಇನ್ನೂ ಒಳ್ಳೆಯದು, ಬೀದಿಯವರೆಲ್ಲ ಸೇರಿ ಅರ್ಜಿ ಕೊಡಿ.

ಭಟ್ಟಿಓಣಿ:

ನಾನು ಬೇರೆಯದೇ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ನಮ್ಮದು ಹಳೇ ಊರು, ಮಂಡಕ್ಕಿ ಭಟ್ಟಿಗಳ ಕಡೆ. ಓಣಿ ಎಂಟಡಿ ಅಗಲ, ಮೇಲೆ ತಗಡು, ಪಕ್ಕದಲ್ಲಿ ದಿನವಿಡೀ ಉರಿಯುವ ಒಲೆ. ಉಳಿಸಿಕೊಳ್ಳೋಕೆ ನಮ್ಮಲ್ಲಿ ಒಂದು ಮರವೂ ಇಲ್ಲ. ಭಟ್ಟಿ ಮುಂದೆ ನಿಂತು ಮರಳಲ್ಲಿ ಅಕ್ಕಿ ಹುರಿಯುವವರು ಹೊರಗೆ ಬಂದರೆ ಹೊರಗೂ ಅದೇ ಕಾವು. ಒಂದು ಪಾರ್ಕ್ ಇದೆ, ಕಾಲ್ನಡಿಗೆಯಲ್ಲಿ ಇಪ್ಪತ್ತು ನಿಮಿಷ, ಮಧ್ಯಾಹ್ನ ಅದಕ್ಕೆ ಬೀಗ. ಬಿಸಿಲು ಸುಡುವ ಹೊತ್ತಲ್ಲೇ ನೆರಳಿಗೆ ಬೀಗ ಹಾಕಿದರೆ ಹೇಗೆ?

ಅಹಮದಾಬಾದ್‌ನಲ್ಲಿ 2010ರಲ್ಲಿ ಬಿಸಿಗಾಳಿಗೆ ತುಂಬಾ ಜನ ಸತ್ತ ಮೇಲೆ 2013ರಲ್ಲಿ ಬಿಸಿ ಎದುರಿಸೋಕೆ ಅಂತಲೇ ಯೋಜನೆ ಮಾಡಿದರು. ಮುಂಚೆಯೇ ಎಚ್ಚರಿಕೆ ಕೊಡುವುದು, ನೀರಿನ ವ್ಯವಸ್ಥೆ, ಆಮೇಲೆ ಬಡವರ ಮನೆ ಸೂರಿಗೆ ಬಿಳಿ ಬಳಿಯುವುದು, ಹೀಗೆ. ನಾವೂ ಹೋದ ವರ್ಷ ನಮ್ಮ ತಗಡಿಗೆ ಸುಣ್ಣ ಬಳಿದೆವು, ಒಳಗೆ ಕೂರುವ ಹಾಗಾಯಿತು, ಆದರೆ ಒಂದು ಮಳೆಗೆ ಅರ್ಧ ತೊಳೆದುಹೋಯಿತು. ಓಣಿಯಲ್ಲಿ ಜಾಗ ಇಲ್ಲ ಒಪ್ಪುತ್ತೇನೆ. ಶಾಲೆ ಅಂಗಳ, ದರ್ಗಾ, ಗುಡಿ ಕಟ್ಟೆ, ಬಸ್ ನಿಲ್ಲುವ ಕಡೆ ಜಾಗ ಇದೆಯಲ್ಲ. ಬೈಪಾಸಿನ 110 ಸಸಿಯಲ್ಲಿ ಹತ್ತು ನಮಗೆ ಕೊಡಲಿ, ಮಂಡಕ್ಕಿ ತೊಳೆದ ನೀರು ಹಾಕಿಯಾದರೂ ಸಾಕುತ್ತೇವೆ.

ದೂರದದಾವಣಗೆರೆ:

ನಾನು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಬೆಳೆದವನು, ಈಗ ಮೆಲ್ಬೋರ್ನ್‌ನಲ್ಲಿದ್ದೇನೆ. ಇಲ್ಲಿ ವರ್ಷಗಟ್ಟಲೆ ಬರ ಬಂದು, ನೀರಿಗೆ ಕಡಿವಾಣ ಹಾಕಿ, ಊರಿನ ಹಳೇ ಮರಗಳು ಸೊರಗಿದ ಮೇಲೆ ನಗರಪಾಲಿಕೆಗೆ ಬುದ್ಧಿ ಬಂತು. 2012ರಲ್ಲಿ ಯೋಜನೆ ಮಾಡಿದರು. ನಮ್ಮ ಹಾಗೆ ಸಸಿಯ ಲೆಕ್ಕ ಅಲ್ಲ, ನೆರಳಿನ ಲೆಕ್ಕ: ಪಾಲಿಕೆಯ ಜಾಗದಲ್ಲಿ 22 ಶೇಕಡಾ ಇದ್ದ ಮರದ ಹೊದಿಕೆ 2040ಕ್ಕೆ 40 ಆಗಬೇಕು. ಒಂದೇ ಜಾತಿ 5 ಶೇಕಡಾ ಮೀರಬಾರದು, ನರ್ಸರಿ ಅಕ್ಕ ಹೇಳಿದ್ದೇ ಇದು. ಒಂದೊಂದು ಮರಕ್ಕೂ ನಂಬರ್ ಕೊಟ್ಟು ನಕ್ಷೆಯಲ್ಲಿ ಹಾಕಿದರು, ಕೊಂಬೆ ಮುರಿದರೆ ತಿಳಿಸಲಿ ಅಂತ ಮರಕ್ಕೊಂದು ಇಮೇಲ್ ವಿಳಾಸವೂ ಕೊಟ್ಟರು. ಜನ ದೂರು ಬರೆಯುವುದು ಬಿಟ್ಟು ಮರಕ್ಕೇ ಪ್ರೀತಿಯ ಪತ್ರ ಬರೆದರು. ನಿಮ್ಮ ಬೀದಿಯಲ್ಲೂ ಮರಕ್ಕೆ ನಂಬರ್ ಬಿದ್ದಿದೆ ಅಂತ ಓದಿದಾಗ ಇದು ನೆನಪಾಯಿತು. ಆ ನಂಬರ್ ಉಳಿಸೋಕೆ ಬಳಸಿ.

ಕಾಗದಪತ್ರ:

ಕೇಳಿದ್ದಕ್ಕೆ ನೇರ ಉತ್ತರ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯೋಕೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಗುತ್ತಿಗೆದಾರರ ಬಾಯಿಮಾತು ನಡೆಯಲ್ಲ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ನಿಮ್ಮ ಮರ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ಅಲ್ಲೇ ವಿಚಾರಿಸಿ. 50ಕ್ಕಿಂತ ಜಾಸ್ತಿ ಮರ ಇದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ನಿಮ್ಮದು 11, ಆದರೂ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ರಸ್ತೆಯ ನಕ್ಷೆ ಮತ್ತು ಹಿಂದೆ ನೆಟ್ಟ ಸಸಿಗಳ ನಿರ್ವಹಣೆ ಲೆಕ್ಕ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಆಕ್ಷೇಪಣೆ ನಾಳೆಯೇ ಕೊಡಿ, ಉತ್ತರಕ್ಕೆ ಕಾಯಬೇಡಿ.

ಹೊಂಗೆಸಾಲು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಆಕ್ಷೇಪಣೆ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದೆ, ಬೀದಿಯ 14 ಮನೆಯವರು ಸಹಿ ಹಾಕಿದ್ದಾರೆ, ಹೂವಿನ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಚರಂಡಿ ಬಳಸಿ ಹೋಗಲಿ, ಬುಡಕ್ಕೆ 1 ಮೀಟರ್ ಮಣ್ಣು ಬಿಡಲಿ, ಕೈಯಲ್ಲಿ ಅಗೆಯಲಿ ಅಂತ ಮೂರೂ ಬರೆದಿದ್ದೇನೆ. ಭಟ್ಟಿ ಓಣಿಯವರೇ, ನಿಮ್ಮ ಕಡೆಯ ಶಾಲೆ ಅಂಗಳದ ಮಾತನ್ನೂ ಅದೇ ಅರ್ಜಿಯಲ್ಲಿ ಸೇರಿಸಿದೆ, ಜಾಗದ ಹೆಸರು ಸರಿಯಾಗಿ ತಿಳಿಸಿದರೆ ಇನ್ನೊಂದು ಪ್ರತಿ ಕೊಡುತ್ತೇನೆ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಒಂದೊಂದು ಮರದ ಸುತ್ತಳತೆ, ಚರಂಡಿಯಿಂದ ಎಷ್ಟು ದೂರ ಇದೆ ಅಂತ ಅಳೆದು ನಾವೇ ಒಂದು ನಕ್ಷೆ ಮಾಡುತ್ತೇವೆ. ರಸ್ತೆ ಕೆಲಸದ ಸರ್ ಬಂದರೆ ದೊಡ್ಡ ಉಪಕಾರ. ಟೇಪು ನಮ್ಮ ಮನೆಯಲ್ಲಿದೆ, ಬರೆದುಕೊಳ್ಳೋಕೆ ಇನ್ನೊಬ್ಬರು ಬೇಕು.